ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗಾಗಿ ಕೊಡುವ 371 ಜೆ ಪ್ರಮಾಣಪತ್ರ ಯುಪಿಎಸ್‌ಸಿಗೆ ನಡೆಯುತ್ತದೆಯೇ? ಕೆಪಿಎಸ್‌ಸಿ ಮೇಲೆ ಅಲ್ಲಿ ದೂರು ಕೊಡಬಹುದೇ?

ನಡೆಯುವುದಿಲ್ಲ. ದೂರನ್ನೂ ಕೊಡಲಾಗುವುದಿಲ್ಲ. ಸಿಂಧನೂರಿನವರು ಎಂದು ಬರೆದುಕೊಂಡಿದ್ದೀರಿ, ಅದಕ್ಕೇ ಉತ್ತರಿಸಲು ಕುಳಿತೆ. ರಾಯಚೂರಿನ ಗ್ರಂಥಾಲಯದಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಾಗಿ ಬೆಳಿಗ್ಗೆಯೇ ಹೋಗಿ ಕೂರುತ್ತಿದ್ದ ಕಾಲದಲ್ಲಿ ನಾನೂ ಹೀಗೇ ತಿಳಿದುಕೊಂಡಿದ್ದೆ: ದೆಹಲಿಯ ಕೇಂದ್ರ ಲೋಕಸೇವಾ ಆಯೋಗ (ಯುಪಿಎಸ್‌ಸಿ) ಬೆಂಗಳೂರಿನ ಕರ್ನಾಟಕ ಲೋಕಸೇವಾ ಆಯೋಗಕ್ಕೆ (ಕೆಪಿಎಸ್‌ಸಿ) ಮೇಲಧಿಕಾರಿ, ಅದರ ಪಟ್ಟಿಯಲ್ಲಿ ಹೆಸರು ಬಂದರೆ ನೌಕರಿ ಕೈಗೆ ಬಂದಂತೆ.

ಎರಡೂ ತಪ್ಪು. ಸಂವಿಧಾನದ 315ನೆಯ ವಿಧಿ ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಆಯೋಗ ಇರಬೇಕೆನ್ನುತ್ತದೆ. ಒಂದರ ಅಡಿಯಲ್ಲಿ ಇನ್ನೊಂದು ಎನ್ನುವುದಿಲ್ಲ. ಕೆಪಿಎಸ್‌ಸಿ ನೇಮಕಾತಿಯಲ್ಲಿ ಅನ್ಯಾಯವಾಗಿದ್ದರೆ ನಿಮ್ಮ ದಾರಿ ರಾಜ್ಯ ಆಡಳಿತ ನ್ಯಾಯಮಂಡಳಿ, ನಂತರ ಹೈಕೋರ್ಟ್. ಯುಪಿಎಸ್‌ಸಿ ತಾನಾಗಿ ಯಾರಿಗೂ ನೌಕರಿ ಕೊಡುವುದೂ ಇಲ್ಲ. 320ನೆಯ ವಿಧಿಯಂತೆ ಪರೀಕ್ಷೆ ನಡೆಸುತ್ತದೆ. ನೇಮಕಾತಿ ನಿಯಮ, ಬಡ್ತಿ, ಶಿಸ್ತುಕ್ರಮಗಳ ಬಗ್ಗೆ ಸರ್ಕಾರ ಕೇಳಿದಾಗ ಸಲಹೆ ಹೇಳುತ್ತದೆ. ಪಟ್ಟಿ ಮಾಡಿ ಶಿಫಾರಸು ಮಾಡಿದ ಮೇಲೆ ಯಾರಿಗೆ ಐಎಎಸ್, ಯಾರಿಗೆ ಕಂದಾಯ ಸೇವೆ ಎಂದು ಹಂಚುವುದು ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ. ಸಲಹೆಯನ್ನು ಸರ್ಕಾರ ಒಪ್ಪದಿದ್ದರೆ ಅದಕ್ಕೆ ಕಾರಣವನ್ನು ಸಂಸತ್ತಿನ ಮುಂದಿಡಬೇಕು. ಆಯೋಗದ ಬಲವೆಲ್ಲ ಅಲ್ಲಿದೆ.

ಯುಪಿಎಸ್‌ಸಿ ಬರೆಯುವ ಹೊತ್ತಿಗೆ ಇದೆಲ್ಲ ನನಗೆ ಬಾಯಿಪಾಠವಾಗಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅಧಿಸೂಚನೆಯನ್ನು ಪೂರ್ತಿ ಓದಿರಲಿಲ್ಲ. ನನ್ನ ಬಳಿ ನಾಡಕಚೇರಿಯಿಂದ ಪಡೆದ ಪ್ರವರ್ಗ 2ಎ ಪ್ರಮಾಣಪತ್ರವಿತ್ತು. ಅರ್ಜಿಯಲ್ಲಿ ಒಬಿಸಿ (ಇತರೆ ಹಿಂದುಳಿದ ವರ್ಗ) ಎಂದು ತುಂಬಿದೆ. 2ಎ, 3ಬಿ ಎಂಬುವು ರಾಜ್ಯದ ವಿಂಗಡಣೆ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ಪ್ರಮಾಣಪತ್ರದ ನಮೂನೆ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ಕೆಲವು ಜಾತಿಗಳು ಅಲ್ಲಿ ಇಲ್ಲವೇ ಇಲ್ಲ. ನಮ್ಮದು ಇತ್ತು, ಹಾಗಾಗಿ ಜಾತಿಯ ತೊಡಕಿರಲಿಲ್ಲ. ತೊಡಕು ದಿನಾಂಕದ್ದು. ಕೆನೆಪದರಕ್ಕೆ, ಅಂದರೆ ಮೀಸಲಾತಿ ಸಿಗದ ಅನುಕೂಲಸ್ಥರ ಗುಂಪಿಗೆ, ಸೇರಿಲ್ಲವೆಂಬ ಕೇಂದ್ರ ನಮೂನೆಯ ಪ್ರಮಾಣಪತ್ರ ಅರ್ಜಿಯ ಕೊನೆಯ ದಿನದೊಳಗೆ ಕೈಯಲ್ಲಿರಬೇಕಿತ್ತು. ನಾನು ಅದನ್ನು ಮಾಡಿಸಿದ್ದು ಪೂರ್ವಭಾವಿ ಫಲಿತಾಂಶ ಬಂದ ಮೇಲೆ. ಅರ್ಹತೆ ಇದೆಯಲ್ಲ, ಕಾಗದ ಯಾವಾಗ ಕೊಟ್ಟರೇನು ಎಂದುಕೊಂಡಿದ್ದೆ.

ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋದೆ. ಶಹಜಹಾನ್ ರಸ್ತೆಯ ಧೋಲ್ಪುರ ಹೌಸ್‌ನಲ್ಲಿ ಸಂದರ್ಶನಕ್ಕೆ ಮೊದಲು ಮೂಲ ದಾಖಲೆಗಳನ್ನು ನೋಡುತ್ತಾರೆ. ಅಲ್ಲಿದ್ದವರು ನನ್ನ ಕಾಗದಗಳನ್ನು ಒಂದೊಂದೇ ಮಗುಚಿ, ತಹಶೀಲ್ದಾರರ ಹಸಿರು ಶಾಯಿಯ ಸಹಿಯ ಪಕ್ಕದ ದಿನಾಂಕಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದರು. ಏನೂ ಹೇಳಲಿಲ್ಲ. ಸಂದರ್ಶನವೂ ಚೆನ್ನಾಗಿಯೇ ಆಯಿತು. ಆಮೇಲೆ ಪತ್ರ ಬಂತು: ಒಬಿಸಿ ಎಂದು ಪರಿಗಣಿಸಲಾಗದು. ಪೂರ್ವಭಾವಿಯಲ್ಲಿ ನಾನು ದಾಟಿದ್ದು ಒಬಿಸಿ ಕಟ್‌ಆಫ್ ಮಾತ್ರ, ಸಾಮಾನ್ಯ ವರ್ಗದ್ದಲ್ಲ. ಆ ವರ್ಷದ ಮುಖ್ಯ ಪರೀಕ್ಷೆ, ಸಂದರ್ಶನ ಎಲ್ಲವೂ ನೀರಿನಲ್ಲಿ ಹೋಮ.

ಆಯೋಗದ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬನಿಗೆ ದಿನಾಂಕ ಸಡಿಲಿಸಿದರೆ ಸಕಾಲದಲ್ಲಿ ಕಾಗದ ಮಾಡಿಸಿದವನಿಗೆ ಏನು ಹೇಳಬೇಕು? ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರದ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಆಯೋಗದ ಇದೇ ನಿಲುವನ್ನು ಎತ್ತಿಹಿಡಿಯಿತು. ಆದ್ದರಿಂದ ನೀವು ಒಬಿಸಿ ಆಗಿದ್ದರೆ, ಈ ವಾರವೇ ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಹುಡುಕಿ. ಯಾವ ಆರ್ಥಿಕ ವರ್ಷಗಳ ಆದಾಯ ಎಂಬುದನ್ನೂ ಅಧಿಸೂಚನೆಯಲ್ಲಿಯೇ ನೋಡಿ. ಕೋಚಿಂಗ್‌ನವರನ್ನು ಕೇಳಬೇಡಿ.

ಇನ್ನು 371 ಜೆ. ಅದು 98ನೆಯ ತಿದ್ದುಪಡಿಯಿಂದ ಬಂದದ್ದು. ನಮ್ಮ ಭಾಗದ ಶಿಕ್ಷಣ ಸೀಟುಗಳಿಗೆ, ರಾಜ್ಯ ಸರ್ಕಾರದ ಹುದ್ದೆಗಳಿಗೆ ಅನ್ವಯ, ಕೇಂದ್ರದ ನೌಕರಿಗಲ್ಲ. ನಾನು ಈಗ ಕೊಪ್ಪಳದಲ್ಲಿ ಪ್ರಥಮ ದರ್ಜೆ ಸಹಾಯಕ. ಇಲ್ಲಿನ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80 ನಮ್ಮವರಿಗೇ ಮೀಸಲು. ನನ್ನ ಅನ್ನ ಅದರಿಂದಲೇ.

ಕೆಪಿಎಸ್‌ಸಿ ಮೇಲಿನ ಸಿಟ್ಟಿಗೆ ಅದರ ಪರೀಕ್ಷೆಗಳನ್ನೇ ಬಿಟ್ಟು ದೆಹಲಿಗೆ ಹೋಗಿ ಕೂರುತ್ತೇನೆ ಎಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಯುಪಿಎಸ್‌ಸಿ ಬರೆಯಿರಿ, ಆದರೆ ನಿಮ್ಮ ಕೈಯಲ್ಲಿರುವ ಆ ಒಂದು ಕಾಗದಕ್ಕೆ ಬೆಲೆ ಇರುವುದು ಕೆಪಿಎಸ್‌ಸಿ ಆರಿಸುವ ರಾಜ್ಯದ ಆಡಳಿತ ಸೇವೆ ಕೆಎಎಸ್‌ನಲ್ಲಿ. ಅಲ್ಲಿಂದಲೂ ಬಡ್ತಿಯ ಮೇಲೆ ಐಎಎಸ್ ಆಗುವವರಿದ್ದಾರೆ. ಅವರನ್ನು ಆರಿಸುವ ಸಮಿತಿಯ ಅಧ್ಯಕ್ಷತೆ ವಹಿಸುವುದು ಇದೇ ಯುಪಿಎಸ್‌ಸಿಯ ಅಧ್ಯಕ್ಷರು ಅಥವಾ ಸದಸ್ಯರು.