ತಂತ್ರಾಂಶ ಪ್ರಶ್ನೋತ್ತರ: ಕಣ್ಣಿಗೆ ಒಂದೇ ಹೆಸರು, ಗಣಕಕ್ಕೆ ಎರಡು

ಪ್ರಶ್ನೆ: ನಮ್ಮ ಕನ್ನಡ ಸಂಘದ ಸದಸ್ಯರ ಪಟ್ಟಿಗಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ತಂತ್ರಾಂಶವೊಂದನ್ನು ಬರೆದಿದ್ದೇನೆ. ‘ಡೊಂಬಿವಲಿ’ ಎಂದು ಹುಡುಕಿದರೆ ಇಲ್ಲಿಯ ಕೆಲವು ಸದಸ್ಯರಷ್ಟೇ ಸಿಗುತ್ತಾರೆ. ಉಳಿದವರ ವಿಳಾಸದಲ್ಲಿಯೂ ಊರಿನ ಹೆಸರು ಹಾಗೆಯೇ ಕಾಣುತ್ತದೆ. ಕಾರಣವೇನು?
— ಓದುಗರು, ಡೊಂಬಿವಲಿ

ಉತ್ತರ: ತೊಡಕಿರುವುದು ಮೊದಲ ಅಕ್ಷರದಲ್ಲಿ. ‘ಡೊ’ದಲ್ಲಿರುವ ಒಕಾರದ ಚಿಹ್ನೆಯನ್ನು, ಅಕ್ಷರ ಮತ್ತು ಚಿಹ್ನೆಗಳಿಗೆ ಸಂಕೇತಗಳನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ, 0ಸಿಸಿಎ ಎಂಬ ಒಂದೇ ಸಂಕೇತದಿಂದ ಬರೆಯಬಹುದು, ಎಕಾರದ 0ಸಿಸಿ6 ಮತ್ತು ಊಕಾರದ 0ಸಿಸಿ2 ಸಂಕೇತಗಳನ್ನು ಒಂದರ ಹಿಂದೆ ಒಂದಿಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಮೂಡುತ್ತವೆ. ಎರಡು ವಿಳಾಸಗಳಿಂದ ಈ ಪದವನ್ನು ನಕಲಿಸಿ, ಸಂಕೇತಗಳನ್ನು ಎಣಿಸುವ ‘ಲೆನ್’ ಫಂಕ್ಷನ್‌ಗೆ ಕೊಟ್ಟು ನೋಡಿ: ಒಂದಕ್ಕೆ 8, ಇನ್ನೊಂದಕ್ಕೆ 9 ಬಂದರೆ ಅನುಮಾನಕ್ಕೆ ಎಡೆಯಿಲ್ಲ. ಹಳೆಯ ಅಕ್ಷರಶೈಲಿಗಳ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಇಂಥ ಬಿಡಿ ರೂಪಗಳು ನುಸುಳುವುದುಂಟು.

ಪರಿಹಾರ ಒಂದೇ ಸಾಲಿನದು: ಇಂಥ ಬಿಡಿ ಸಂಕೇತಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ‘ಎನ್‌ಎಫ್‌ಸಿ’ ಎಂಬ ಕ್ರಮವನ್ನು ಬಳಸುವುದು. ‘ಯೂನಿಕೋಡ್‌ಡೇಟಾ’ ಮಾಡ್ಯೂಲನ್ನು ಇಂಪೋರ್ಟ್ ಮಾಡಿಕೊಂಡು ಹೀಗೆ ಬರೆಯಿರಿ:

ಊರು = ಯೂನಿಕೋಡ್‌ಡೇಟಾ.ನಾರ್ಮಲೈಜ್("ಎನ್‌ಎಫ್‌ಸಿ", ಊರು)

ಮಾಡ್ಯೂಲ್ ಮತ್ತು ಫಂಕ್ಷನ್‌ಗಳ ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೂ ‘ಎನ್‌ಎಫ್‌ಸಿ’ಯನ್ನು ದೊಡ್ಡಕ್ಷರಗಳಲ್ಲಿಯೂ ಟೈಪಿಸಬೇಕು. ಮಾಹಿತಿಯನ್ನು ಉಳಿಸುವಾಗ ಮಾತ್ರ ಇದನ್ನು ಬಳಸಿ, ಹುಡುಕುವ ಪದಕ್ಕೆ ಬಳಸದೆ ಬಿಟ್ಟರೆ ತೊಂದರೆ ಮತ್ತೆ ತಲೆದೋರುತ್ತದೆ. ಆದ್ದರಿಂದ ಎರಡೂ ಕಡೆ ಇರಲಿ. ಈಗಾಗಲೇ ಇರುವ ದಾಖಲೆಗಳನ್ನು ಬ್ಯಾಕಪ್ ತೆಗೆದುಕೊಂಡ ಬಳಿಕವೇ ತಿದ್ದಿರಿ. ಒಬ್ಬರೇ ಸದಸ್ಯರು ಎರಡು ಬಾರಿ ನೋಂದಾಯಿತರಾಗಿರುವುದೂ ಆಗ ಬೆಳಕಿಗೆ ಬರಬಹುದು, ಕಾರ್ಯದರ್ಶಿಗಳಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು!

‘ರಾಜ್‌ಕುಮಾರ್’ನಂಥ ಹೆಸರುಗಳಲ್ಲಿ ‘ಜ’ಕಾರಕ್ಕೆ ಒತ್ತು ಬೀಳದಂತೆ ತಡೆಯುವ, ಕಣ್ಣಿಗೆ ಕಾಣದ 200ಸಿ ಸಂಕೇತವನ್ನು ‘ಎನ್‌ಎಫ್‌ಸಿ’ ಮುಟ್ಟುವುದಿಲ್ಲ. ಮೂಲ ಹೆಸರಿನಿಂದ ಅದನ್ನು ಅಳಿಸಿದರೆ ಹೆಸರೇ ಕೆಡುತ್ತದೆ. ಹುಡುಕಾಟಕ್ಕೆಂದೇ ಪ್ರತ್ಯೇಕ ಕಾಲಂ ಇಟ್ಟು, ಅಲ್ಲಿ ಮತ್ತು ಹುಡುಕುವ ಪದದಲ್ಲಿ ಮಾತ್ರ ಈ ಸಂಕೇತವನ್ನು ತೆಗೆದುಹಾಕಿ, ಆಗ ಅದನ್ನು ಟೈಪಿಸಿದ್ದರೂ ಬಿಟ್ಟಿದ್ದರೂ ಹೆಸರು ಸಿಗುತ್ತದೆ.

ಪ್ರಶ್ನೆ: ಗುರುತಿನ ಚೀಟಿಯಲ್ಲಿ ಜಾಗ ಸಾಲದೆ ಹೆಸರಿನ ಮೊದಲ 8 ಅಕ್ಷರಗಳನ್ನಷ್ಟೇ ತೆಗೆದುಕೊಂಡರೆ ‘ಕೃಷ್ಣಮೂರ್ತಿ’ಯವರು ‘ಕೃಷ್ಣಮೂರ’ ಆಗುತ್ತಾರೆ. ಏನು ಮಾಡಲಿ?
— ಓದುಗರು, ಪುಣೆ

ಉತ್ತರ: ನಾವು ನಾಲ್ಕು ಅಕ್ಷರವೆಂದು ಎಣಿಸುವ ಆ ಹೆಸರು ಪೈಥಾನ್‌ಗೆ 11 ಸಂಕೇತಗಳ ಸಾಲು, ಎಂಟನೆಯದು ‘ರ’, ಅದರ ಮುಂದಿನ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ (್) ‘ತಿ’ಯೂ ಕತ್ತರಿಗೆ ಸಿಕ್ಕಿವೆ. ಹೆಸರನ್ನು ಕತ್ತರಿಸಲೇಬೇಡಿ, ಅಚ್ಚಿನ ಅಗಲವನ್ನು ಅಳೆದು ಅಕ್ಷರದ ಗಾತ್ರವನ್ನು ಇಳಿಸಿ. ಚೀಟಿಯ ಚಿತ್ರ ರಚಿಸಲು ಪೈಥಾನ್‌ನ ಪಿಲ್ಲೋ ಲೈಬ್ರರಿಯನ್ನು ಬಳಸುತ್ತಿದ್ದರೆ ಅದರಲ್ಲಿ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ‘ರಾಕ್ಮ್’ ವಿನ್ಯಾಸ ವ್ಯವಸ್ಥೆ ಚಾಲ್ತಿಯಲ್ಲಿದೆಯೇ ಎಂದು ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಮೂಡಿ ಅಳತೆಯೂ ತಪ್ಪುತ್ತದೆ.