ತವರು ಮೈದಾನದಲ್ಲಿ ಯಾರೂ ಹಾಡುತ್ತಿಲ್ಲ; ಗೋಲಿನ ಹಿಂದಿನ ಸೀಟು ಬಿಟ್ಟು ನಡುಗೆರೆಯ ಕಡೆಗೆ ಹೋಗಲೇ?

ಹೋಗಬೇಡಿ. ನಿಮ್ಮ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ಗೋಲಿನ ಹಿಂದಿನ ಸ್ಟ್ಯಾಂಡಿನಲ್ಲಿಯೂ ಈಗ ಸದ್ದಿಲ್ಲ, ಜನರ ಅಭಿಮಾನವೇ ಬತ್ತಿಹೋಗಿದೆ, ಸುತ್ತಮುತ್ತ ಫೋನು ಹಿಡಿದ ಪ್ರವಾಸಿಗರೇ ಕುಳಿತಿರುತ್ತಾರೆ, ಮುಂದಿನ ಋತುವಿಗೆ ಸೀಟು ಬದಲಾಯಿಸಿಕೊಳ್ಳಲು ಕ್ಲಬ್ ಅವಕಾಶ ಕೊಟ್ಟಿದೆ, ಹೀಗಿರುವಾಗ ಆಟವಾದರೂ ಚೆನ್ನಾಗಿ ಕಾಣುವ ನಡುಗೆರೆಯ ಕಡೆಗೆ ಹೋಗುವುದು ಲೇಸಲ್ಲವೇ ಎಂದು ಕೇಳಿದ್ದೀರಿ. ಪ್ರೇಕ್ಷಕರ ಸದ್ದಿನಿಂದ ಫಲಿತಾಂಶಕ್ಕೆ ನಿಜವಾಗಿಯೂ ವ್ಯತ್ಯಾಸವಾಗುತ್ತದೆಯೇ ಎಂದೂ ಕೇಳಿದ್ದೀರಿ. ಮೊದಲ ಪ್ರಶ್ನೆಯನ್ನು ನಾನು ಕೆಲವು ವರ್ಷಗಳ ಹಿಂದೆ ನನಗೆ ನಾನೇ ಕೇಳಿಕೊಂಡು, ಲೇಸು ಎಂದು ತೀರ್ಮಾನಿಸಿ, ಹೋಗಿಯೂ ಬಿಟ್ಟಿದ್ದೆ.

ಕೆಲಸದ ನಿಮಿತ್ತ ಇಂಗ್ಲೆಂಡಿಗೆ ಬಂದ ಮೇಲೆ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಎರಡನೆಯ ದರ್ಜೆಯ ಲೀಗಿನಲ್ಲಿ ಆಡುವ ಒಂದು ಕ್ಲಬ್ಬಿನ ಸೀಸನ್ ಟಿಕೆಟ್, ಅಂದರೆ ಋತುವಿನುದ್ದಕ್ಕೂ ತವರು ಪಂದ್ಯಗಳಿಗೆ ಒಂದೇ ಸೀಟು ಸಿಗುವ ಟಿಕೆಟ್, ಕೊಂಡೆ. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಗೋಲಿನ ಹಿಂದೆ, ಕೆಳ ಅಂತಸ್ತಿನಲ್ಲಿ, ಒಂದರ ಹಿಂದೊಂದಾಗಿ ಇದ್ದ ಕೆಲವು ಸಾಲುಗಳಲ್ಲಿ ನಮ್ಮ ಗುಂಪು ಕೂರುತ್ತಿತ್ತು. ಗುಂಪು ಎಂದರೆ ನೋಂದಾಯಿತ ಸಂಘವೇನೂ ಅಲ್ಲ. ನಮ್ಮಲ್ಲಿ ಬ್ಯಾನರೂ ಇರಲಿಲ್ಲ, ಡೋಲೂ ಇರಲಿಲ್ಲ. ಯಾರೋ ಬಿಟ್ಟ ಸೀಟನ್ನು ಅವರ ಪರಿಚಿತರು ಹಿಡಿಯುತ್ತ, ವರ್ಷಗಳ ಅವಧಿಯಲ್ಲಿ ತಾನಾಗಿ ಕೂಡಿಕೊಂಡ ಜನ. ಅವರಲ್ಲಿ ನಿವೃತ್ತ ಬಸ್ ಚಾಲಕರೊಬ್ಬರಿದ್ದರು. ಆಟ ಜಡವಾಗಿ, ಸ್ಕೋರು ಸೊನ್ನೆಯಲ್ಲೇ ನಿಂತು, ಯಾರಿಗೂ ಬಾಯಿ ತೆರೆಯುವ ಮನಸ್ಸಿಲ್ಲದ ಹೊತ್ತಿನಲ್ಲಿ ಅವರು ಹಾಡಿನ ಮೊದಲ ಸಾಲನ್ನು ಎತ್ತುತ್ತಿದ್ದರು. ಅಕ್ಕಪಕ್ಕದ ನಾಲ್ಕಾರು ಜನ ಎರಡನೆಯ ಸಾಲಿಗೆ ಸೇರಿಕೊಳ್ಳುತ್ತಿದ್ದರು. ಅರ್ಧ ನಿಮಿಷ ಕಳೆಯುವುದರೊಳಗೆ ಇಡೀ ಸ್ಟ್ಯಾಂಡ್ ಹಾಡುತ್ತಿತ್ತು. ದೂರದಲ್ಲಿ ಕುಳಿತವರಿಗೆ ಸಾವಿರಾರು ಜನ ಏಕಕಾಲಕ್ಕೆ ದನಿಯೆತ್ತಿದಂತೆ ಕೇಳಿಸುತ್ತದೆ. ಹಾಗೆ ಆಗುವುದನ್ನು ನಾನಂತೂ ಯಾವ ಮೈದಾನದಲ್ಲಿಯೂ ಕಂಡಿಲ್ಲ.

ಮುಂದೆ ಕ್ಲಬ್ ಆ ಸ್ಟ್ಯಾಂಡನ್ನು ಕೆಡವಿ ಹೊಸದಾಗಿ ಕಟ್ಟಿಸಿತು, ಸೀಸನ್ ಟಿಕೆಟ್ ಇದ್ದವರೆಲ್ಲ ಹೊಸದಾಗಿ ಸೀಟು ಆರಿಸಿಕೊಳ್ಳಬೇಕಾಯಿತು. ಒಟ್ಟಿಗೆ ಕೂರಬೇಕೆನ್ನುವವರು ಒಬ್ಬರ ಮುಂದಾಳುತನದಲ್ಲಿ ಗುಂಪು ಅರ್ಜಿ ಹಾಕಬೇಕು, ಉಳಿದವರ ಗ್ರಾಹಕ ಸಂಖ್ಯೆಗಳನ್ನು ಅದರಲ್ಲಿ ನಮೂದಿಸಬೇಕು ಎಂಬುದು ನಿಯಮ. ಕಂಪ್ಯೂಟರ್ ಕೆಲಸದವನು ಎಂಬ ಒಂದೇ ಕಾರಣಕ್ಕೆ ಆ ಹೊಣೆ ನನ್ನ ಪಾಲಿಗೆ ಬಂದಿತ್ತು. ಆ ವರ್ಷ ತಂಡ ಸೋಲುತ್ತಲೇ ಇತ್ತು, ನಮ್ಮ ಸಾಲುಗಳಲ್ಲಿಯೂ ಹಾಡು ಕಡಿಮೆಯಾಗಿತ್ತು, ನನಗೆ ಬೇಸರ ಬಂದಿತ್ತು. ಅರ್ಜಿ ತುಂಬಲು ಕುಳಿತಾಗ ಪರದೆಯ ಮೇಲಿನ ನಕ್ಷೆಯಲ್ಲಿ ಮುಖ್ಯ ಸ್ಟ್ಯಾಂಡಿನ ಮೇಲಂತಸ್ತಿನಲ್ಲಿ, ನಡುಗೆರೆಗೆ ನೇರವಾಗಿ, ಒಂದು ಖಾಲಿ ಸೀಟು ಕಾಣಿಸಿತು. ಬೆಲೆಯ ಅಂತರವೂ ದೊಡ್ಡದಿರಲಿಲ್ಲ. ನನ್ನ ಸಂಖ್ಯೆಯನ್ನು ಗುಂಪಿನಿಂದ ತೆಗೆದು ಆ ಸೀಟನ್ನು ಕಾಯ್ದಿರಿಸಿಕೊಂಡೆ, ಉಳಿದವರಿಗೆ ನೀವೇ ಅರ್ಜಿ ಹಾಕಿಕೊಳ್ಳಿ, ಸುಲಭವಾಗಿದೆ ಎಂದು ಸಂದೇಶ ಕಳಿಸಿದೆ.

ಆಗ ನನ್ನ ತಲೆಯಲ್ಲಿದ್ದ ಲೆಕ್ಕಾಚಾರವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ತಲೆಯಲ್ಲಿಯೂ ಅದೇ ಓಡುತ್ತಿರುವಂತಿದೆ. ಅಷ್ಟು ದೊಡ್ಡ ಗುಂಪಿನಲ್ಲಿ ಒಬ್ಬ ಇಲ್ಲದಿದ್ದರೆ ಏನೂ ಆಗದು ಎಂದುಕೊಂಡೆ. ಆದರೆ ಮುಂದಾಳು ಹಿಂದೆ ಸರಿದೊಡನೆ ಗುಂಪು ಅರ್ಜಿಯೇ ರದ್ದಾಯಿತು. ಕೆಲವರು ಸಂದೇಶವನ್ನು ತಡವಾಗಿ ನೋಡಿದರು, ಕೆಲವರು ತಮ್ಮ ಸರದಿ ಬಂದಾಗ ಸಿಕ್ಕ ಸೀಟನ್ನು ಹಿಡಿದರು, ಬಸ್ ಚಾಲಕರಿಗೆ ಮೂಲೆಯ ಕುಟುಂಬ ವಿಭಾಗದಲ್ಲಿ ಜಾಗ ಸಿಕ್ಕಿತು, ಅಲ್ಲಿ ಅವರು ಎದ್ದು ನಿಂತಾಗಲೆಲ್ಲ ಪ್ರೇಕ್ಷಕರನ್ನು ನೋಡಿಕೊಳ್ಳುವ ಸಿಬ್ಬಂದಿಯಾದ ಸ್ಟೀವರ್ಡ್ ಬಂದು ಹಿಂದಿನ ಮಕ್ಕಳಿಗೆ ಕಾಣುವುದಿಲ್ಲ, ಕುಳಿತುಕೊಳ್ಳಿ ಎನ್ನುತ್ತಿದ್ದರು. ಸ್ಟೀವರ್ಡ್ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಿಡಿಸದಿದ್ದರೆ ಮುಂದಿನ ವರ್ಷ ವಾಪಸು ಬರುತ್ತೇನೆ ಎಂದೂ ಅಂದುಕೊಂಡಿದ್ದೆ. ಬಿಟ್ಟ ಸೀಟು ಕಾಯುತ್ತಾ ಕೂರುವುದಿಲ್ಲ. ಅದು ಮಾರಾಟಕ್ಕೆ ಹೋಗುತ್ತದೆ, ಕೊಂಡವರು ಪ್ರತಿ ವರ್ಷ ನವೀಕರಿಸುತ್ತಾರೆ, ನಾನು ಈಗಲೂ ಕಾಯುವ ಪಟ್ಟಿಯಲ್ಲಿದ್ದೇನೆ. ಇವೆರಡಕ್ಕಿಂತ ದೊಡ್ಡ ತಪ್ಪು ಮೂರನೆಯದು. ಹಾಡನ್ನು ಶುರುಮಾಡುವವನು ನಾನಲ್ಲ, ನನ್ನ ದನಿಯೂ ಚಿಕ್ಕದು, ಆದ್ದರಿಂದ ಮೈದಾನದ ಸದ್ದಿಗೆ ನನ್ನ ಕೊಡುಗೆ ಏನೂ ಇಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಎರಡನೆಯ ಸಾಲಿಗೆ ಸೇರುತ್ತಿದ್ದ ಆ ನಾಲ್ಕಾರು ಜನರಲ್ಲಿ ನಾನೊಬ್ಬ ಎಂಬುದು ಹೊಳೆದೇ ಇರಲಿಲ್ಲ. ಮೊದಲ ಸಾಲನ್ನು ಎತ್ತುವ ಧೈರ್ಯಸ್ಥರು ಪ್ರತಿ ಮೈದಾನದಲ್ಲಿಯೂ ಇರುತ್ತಾರೆ. ಅವರು ಒಬ್ಬರೇ ಎರಡನೆಯ ಸಾಲನ್ನೂ ಹಾಡಬೇಕಾಗಿ ಬಂದರೆ ಜನ ತಿರುಗಿ ನೋಡುತ್ತಾರೆ, ಕೆಲವರು ನಗುತ್ತಾರೆ, ಎರಡು ಮೂರು ಪಂದ್ಯಗಳಲ್ಲಿ ಎಂಥವರೂ ಸುಮ್ಮನಾಗುತ್ತಾರೆ. ಮೇಲಂತಸ್ತಿನಲ್ಲಿ ನನಗೂ ಅದೇ ಆಯಿತು. ಪಕ್ಕದವರು ಸಭ್ಯರು, ಆಟವನ್ನು ನನಗಿಂತ ಚೆನ್ನಾಗಿ ಬಲ್ಲವರು, ಆದರೆ ಹಾಡುವವರಲ್ಲ.

ಆಟ ಮಾತ್ರ ಸೊಗಸಾಗಿ ಕಾಣುತ್ತಿತ್ತು, ಸುಳ್ಳು ಹೇಳುವುದಿಲ್ಲ. ರಕ್ಷಣಾ ಸಾಲು ಎಲ್ಲಿ ಬಿರುಕು ಬಿಡುತ್ತದೆ, ಬದಿಯ ಆಟಗಾರ ಯಾವಾಗ ಒಳಗೆ ನುಗ್ಗುತ್ತಾನೆ ಎಂಬುದೆಲ್ಲ ನಕ್ಷೆಯಂತೆ ಸ್ಪಷ್ಟ. ಮೌನದ ಬಗ್ಗೆ ಯಾರಾದರೂ ಕೇಳಿದರೆ ನಾನೂ ನಿಮ್ಮಂತೆಯೇ ಪ್ರವಾಸಿಗರನ್ನೂ ಹೊಸ ತಲೆಮಾರನ್ನೂ ದೂರುತ್ತಿದ್ದೆ. ಆ ವಾದ ಕುಸಿದದ್ದು ಎದುರಾಳಿಯ ಮೈದಾನದಲ್ಲಿ ನಡೆದ ಒಂದು ಪಂದ್ಯದಲ್ಲಿ. ಗೋಲಿನ ಪಕ್ಕದ ಮೂಲೆಯಲ್ಲಿ ನಮಗೆ ಕೊಟ್ಟಿದ್ದ ಜಾಗದಲ್ಲಿ ಎಲ್ಲರೂ ನಿಂತಿದ್ದರು, ಟಿಕೆಟ್ಟಿನ ಮೇಲಿನ ಸೀಟು ಸಂಖ್ಯೆಯನ್ನು ಯಾರೂ ಲೆಕ್ಕಿಸಿರಲಿಲ್ಲ, ಮಳೆ ಬರುತ್ತಿತ್ತು, ತಂಡ ಸೋಲುತ್ತಿತ್ತು, ಆದರೂ ಮುಕ್ಕಾಲು ಪಾಲು ಹೊತ್ತು ಹಾಡು ನಿಲ್ಲಲಿಲ್ಲ. ಹಾಡುತ್ತಿದ್ದವರ ಮುಖ ನೋಡಿದರೆ ನಮ್ಮದೇ ಮೈದಾನದಲ್ಲಿ ತುಟಿ ಬಿಚ್ಚದೆ ಕೂರುತ್ತಿದ್ದ ಜನ. ಮೇಲಂತಸ್ತಿನ ನನ್ನ ಸಾಲಿನವರೊಬ್ಬರೂ ಅಲ್ಲಿದ್ದರು. ಬಸ್ ಚಾಲಕರೂ ಇದ್ದರು, ಅವರ ಸುತ್ತ ಹಾಡಿನ ಎರಡನೆಯ ಸಾಲಿಗೆ ದನಿಗೂಡಿಸುವವರೂ ಇದ್ದರು.

ಆದ್ದರಿಂದ ಅಭಿಮಾನ ಬತ್ತಿದೆ, ಅದಕ್ಕೇ ಮೌನ ಎಂಬ ನಿಮ್ಮ ಮೂಲ ಗ್ರಹಿಕೆಯನ್ನೇ ನಾನು ಒಪ್ಪುವುದಿಲ್ಲ. ಹಾಡುವ ಮನಸ್ಸಿನವರು ಒಬ್ಬರ ಪಕ್ಕದಲ್ಲಿ ಒಬ್ಬರು ನಿಲ್ಲುವ ವ್ಯವಸ್ಥೆ ತಪ್ಪಿಹೋಗಿದೆ, ಅಷ್ಟೆ. ಇಂಗ್ಲೆಂಡಿನಲ್ಲಿ ಇದು ತಪ್ಪಿದ ಕಾಲವನ್ನೂ ಕಾರಣವನ್ನೂ ಬೆರಳಿಟ್ಟು ತೋರಿಸಬಹುದು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಬೇಲಿ ಹಾಕಿದ ನಿಲ್ಲುವ ಆವರಣದೊಳಗೆ ನೂಕುನುಗ್ಗಲಾಗಿ 97 ಜನ ಲಿವರ್‌ಪೂಲ್ ಬೆಂಬಲಿಗರು ಪ್ರಾಣ ಕಳೆದುಕೊಂಡರು. ತಪ್ಪು ಬೆಂಬಲಿಗರದಲ್ಲ ಎಂದು 2016ರಲ್ಲಿ ಸಾವುಗಳ ವಿಚಾರಣೆಯ ಜ್ಯೂರಿ ಹೇಳಿತು. ದುರಂತದ ಬಳಿಕ ತನಿಖೆ ನಡೆಸಿದ ನ್ಯಾಯಾಧೀಶ ಲಾರ್ಡ್ ಜಸ್ಟಿಸ್ ಟೇಲರ್ ಅವರು 1990ರಲ್ಲಿ ಕೊಟ್ಟ ಅಂತಿಮ ವರದಿಯ ಶಿಫಾರಸಿನಂತೆ ದೊಡ್ಡ ಕ್ಲಬ್ಬುಗಳ ಕ್ರೀಡಾಂಗಣಗಳೆಲ್ಲ ಸೀಟುಗಳಿಗೆ ಬದಲಾದವು, ಲಿವರ್‌ಪೂಲಿನ ಕಾಪ್ ಸ್ಟ್ಯಾಂಡಿನಲ್ಲಿ 1994ರ ಏಪ್ರಿಲ್ 30ರಂದು ಜನ ಕೊನೆಯ ಬಾರಿಗೆ ಹಳೆಯ ರೀತಿಯಲ್ಲಿ ನಿಂತು ಪಂದ್ಯ ನೋಡಿದರು. ಸೀಟು ಬಂದು ಎಲ್ಲ ಹಾಳಾಯಿತು ಎನ್ನುವವರು ಆ 97 ಜನರ ಮಾತೆತ್ತದೆ ಹಳೆಯ ವೈಭವವನ್ನು ಕೊಂಡಾಡುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆದರೂ ಸೀಟಿನ ಜೊತೆಗೆ ಸಂಖ್ಯೆ ಬಂತು, ಸಂಖ್ಯೆಯ ಜೊತೆಗೆ ಹೆಸರು ಬಂತು ಎಂಬುದು ನಿಜ. ಅದಕ್ಕೆ ಮುಂಚೆ ಗೇಟಿನಲ್ಲಿ ಹಣ ಕೊಟ್ಟು ಒಳಗೆ ಬಂದವರು ಸದ್ದಿರುವ ಕಡೆಗೆ ನಡೆದುಹೋಗಬಹುದಿತ್ತು, ಹದಿನಾರರ ಹುಡುಗರು ತಂದೆಯನ್ನು ಬಿಟ್ಟು ಗೆಳೆಯರೊಂದಿಗೆ ನಿಲ್ಲಬಹುದಿತ್ತು. ಈಗ ಗೆಳೆಯರೆಲ್ಲ ತಿಂಗಳುಗಳ ಮುಂಚೆ ಒಂದೇ ಅರ್ಜಿ ಹಾಕಬೇಕು, ಇಲ್ಲವಾದರೆ ದಿಕ್ಕಿಗೊಬ್ಬರು.

ಬೆಲೆಯನ್ನು ಟೇಲರ್ ವರದಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಸೀಟಿಗೆ 6 ಪೌಂಡ್, ನಿಲ್ಲುವುದಕ್ಕೆ 4 ಪೌಂಡ್ ಆಗ ಇದ್ದುದನ್ನು ಉದಾಹರಿಸಿ, ನಿಲ್ಲುತ್ತಿದ್ದವರ ಜೇಬಿಗೆ ಎಟಕುವಂತೆಯೇ ದರ ಇಡಬಹುದು ಎಂದು ಆ ವರದಿ ಹೇಳಿತ್ತು. ಕ್ಲಬ್ಬುಗಳು ಸೀಟಿನ ಮಾತನ್ನು ಪಾಲಿಸಿ ಬೆಲೆಯ ಮಾತನ್ನು ಮರೆತವು. ಅತ್ಯಂತ ದುಬಾರಿ ಟಿಕೆಟ್ಟನ್ನು 77 ಪೌಂಡಿಗೆ ಏರಿಸುವ ಯೋಜನೆಯನ್ನು ವಿರೋಧಿಸಿ 2016ರ ಫೆಬ್ರುವರಿಯಲ್ಲಿ ಲಿವರ್‌ಪೂಲಿನ ಸಾವಿರಾರು ಬೆಂಬಲಿಗರು 77ನೆಯ ನಿಮಿಷದಲ್ಲಿ ಎದ್ದು ಹೊರನಡೆದಾಗ ಮಾಲೀಕರು ಕ್ಷಮೆ ಕೇಳಿ ಯೋಜನೆಯನ್ನು ಹಿಂತೆಗೆದುಕೊಂಡರು. ಒಟ್ಟಿಗೆ ಕುಳಿತವರು ಒಟ್ಟಿಗೆ ಎದ್ದು ಹೋಗಲೂ ಬಲ್ಲರು ಎಂಬುದು ಇಲ್ಲಿ ನನಗೆ ಮುಖ್ಯವಾಗಿ ಕಾಣುತ್ತದೆ.

ಜರ್ಮನಿಯಲ್ಲಿ ನಿಲ್ಲುವ ಸ್ಟ್ಯಾಂಡುಗಳನ್ನು ಉಳಿಸಿಕೊಂಡರು. ಡಾರ್ಟ್‌ಮಂಡಿನ ದಕ್ಷಿಣ ಸ್ಟ್ಯಾಂಡಿನಲ್ಲಿ ಲೀಗ್ ಪಂದ್ಯಕ್ಕೆ ಸುಮಾರು 25,000 ಜನ ನಿಲ್ಲುತ್ತಾರೆ. ಯೂನಿಯನ್ ಬರ್ಲಿನ್ ಕ್ಲಬ್ಬಿನ ಕ್ರೀಡಾಂಗಣದಲ್ಲಿ 22,012 ಜನರಿಗೆ ಜಾಗವಿದ್ದರೆ ಸೀಟುಗಳಿರುವುದು 3,617 ಮಾತ್ರ, ಮೇಲಾಗಿ 2008–09ರಲ್ಲಿ ಅದರ ಮರುನಿರ್ಮಾಣಕ್ಕೆ ಬೆಂಬಲಿಗರೇ ಸ್ವಯಂಸೇವಕರಾಗಿ ದುಡಿದರು. ಅಷ್ಟಾದ ಮಾತ್ರಕ್ಕೆ ಅಲ್ಲಿ ಜಗಳವಿಲ್ಲ ಎಂದಲ್ಲ. 2007ರ ಬಯರ್ನ್ ಮ್ಯೂನಿಕ್ ವಾರ್ಷಿಕ ಸಭೆಯಲ್ಲಿ ಹೊಸ ಕ್ರೀಡಾಂಗಣದ ನೀರಸ ವಾತಾವರಣದ ಬಗ್ಗೆ ಸದಸ್ಯರು ದೂರಿದಾಗ ಕ್ಲಬ್ಬಿನ ಆಡಳಿತ ನೋಡಿಕೊಳ್ಳುತ್ತಿದ್ದ ಉಲಿ ಹೋನೆಸ್ ಸಿಡಿದೆದ್ದು, ಅದಕ್ಕೆ ಹೊಣೆ ನೀವೇ ಹೊರತು ನಾವಲ್ಲ ಎಂದು ಗುಡುಗಿದ್ದರು. ಅವರ ಧಾಟಿ ಒರಟು, ಅರ್ಧ ಮಾತು ನಿಜ. 2012ರ ಕೊನೆಯಲ್ಲಿ ಹೊಸ ಭದ್ರತಾ ನಿಯಮಗಳ ವಿರುದ್ಧ ಅಲ್ಲಿನ ಬೆಂಬಲಿಗರು ಪ್ರತಿ ಪಂದ್ಯದ ಮೊದಲ 12 ನಿಮಿಷ 12 ಸೆಕೆಂಡುಗಳ ಕಾಲ ಬೇಕೆಂದೇ ಮೌನವಾಗಿದ್ದರು. ಹಾಡಲು ಒಟ್ಟುಗೂಡಿದವರು ಮಾತ್ರ ಹಾಗೆ ಲೆಕ್ಕವಿಟ್ಟು ಸುಮ್ಮನಿರಬಲ್ಲರು. ನಿಮ್ಮ ಮೈದಾನದ ಮೌನ ಆ ಜಾತಿಯದ್ದಲ್ಲ.

ಸದ್ದಿನಿಂದ ವ್ಯತ್ಯಾಸವಾಗುತ್ತದೆಯೇ ಎಂಬುದಕ್ಕೆ ಚಿಕ್ಕ ಉತ್ತರ ಸಾಕು. ಕೋವಿಡ್ ಕಾರಣದಿಂದ ಬಹುಪಾಲು ಪಂದ್ಯಗಳು ಖಾಲಿ ಕ್ರೀಡಾಂಗಣಗಳಲ್ಲಿ ನಡೆದ 2020–21ರ ಪ್ರೀಮಿಯರ್ ಲೀಗಿನಲ್ಲಿ ತವರು ತಂಡಗಳು 144 ಪಂದ್ಯ ಗೆದ್ದರೆ ಪ್ರವಾಸಿ ತಂಡಗಳು 153 ಗೆದ್ದವು. ಇಂಗ್ಲೆಂಡಿನ ಅತ್ಯುನ್ನತ ದರ್ಜೆಯ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಆಟಗಾರರಿಗಿಂತ ರೆಫರಿಯ ಮೇಲೆ ಸದ್ದಿನ ಪ್ರಭಾವ ಹೆಚ್ಚು ಎಂಬುದು ನನ್ನ ಅನುಮಾನ.

ಇನ್ನು ನೀವು ಮಾಡಬೇಕಾದದ್ದು. ಸೀಟು ಬದಲಾವಣೆಯ ಅವಕಾಶ ತೆರೆದಿರುವುದನ್ನು ಗೋಲಿನಿಂದ ದೂರ ಹೋಗಲು ಬಳಸದೆ, ಅಲ್ಲಲ್ಲಿ ಚದುರಿದವರನ್ನು ಗೋಲಿನ ಹಿಂದಕ್ಕೆ ಕರೆತರಲು ಬಳಸಿ. ನಿಮ್ಮ ಸುತ್ತ ಯಾರು ಹಾಡುತ್ತಾರೆ ಎಂದು ಹುಡುಕಬೇಡಿ, ಯಾರ ತುಟಿ ಅಲುಗಾಡುತ್ತದೆ ಎಂದು ನೋಡಿ. ಹಾಡಿನ ಎರಡನೆಯ ಸಾಲಿಗೆ ಸೇರುವವರು ಅವರೇ. ಇಂಗ್ಲೆಂಡಿನ ಮೇಲಿನ ಎರಡು ದರ್ಜೆಗಳಲ್ಲಿ 2022–23ರಿಂದ ಪರವಾನಗಿ ಪಡೆದ ವಿಭಾಗಗಳಲ್ಲಿ ಕಂಬಿ ಹಾಕಿದ ಸೀಟುಗಳ ನಡುವೆ ಸುರಕ್ಷಿತವಾಗಿ ನಿಂತು ಪಂದ್ಯ ನೋಡಲು ಅನುಮತಿಯಿದೆ. ನಿಮ್ಮ ಕ್ಲಬ್ಬಿನಲ್ಲಿ ಅಂಥ ವಿಭಾಗವಿದ್ದರೆ ಅಲ್ಲಿಗೇ ಅರ್ಜಿ ಹಾಕಿ. ಇಲ್ಲದಿದ್ದರೆ ಬೆಂಬಲಿಗರ ಸಂಘದ ಮೂಲಕ ಅದನ್ನೇ ಕೇಳಿ. ಸೀಟಿನ ಮೇಲೆ ರಟ್ಟಿನ ಚಪ್ಪಾಳೆಪಟ್ಟಿ ಇಡುವುದು, ಗೋಲಾದ ಕೂಡಲೇ ಧ್ವನಿವರ್ಧಕದಲ್ಲಿ ಸಂಗೀತ ಹಾಕುವುದು ಮುಂತಾದ ಸಲಹೆಗಳನ್ನು ಕ್ಲಬ್ ಮುಂದಿಟ್ಟರೆ ಬೇಡವೆನ್ನಿ. ಗೋಲಾದ ನಂತರದ ಮೊದಲ ಹತ್ತು ಸೆಕೆಂಡು ಜನರ ದನಿಗೆ ಸೇರಿದ್ದು, ಅದನ್ನೂ ಯಂತ್ರಕ್ಕೆ ಬಿಟ್ಟುಕೊಟ್ಟರೆ ಉಳಿಯುವುದೇನು?

ಪ್ರವಾಸಿಗರ ಬಗ್ಗೆ ಚಿಂತೆ ಬಿಡಿ. ಅವರು ಆ ಸದ್ದನ್ನು ಕೇಳಲೆಂದೇ ಬಂದವರು, ಪಕ್ಕದಲ್ಲಿ ಹಾಡು ಎದ್ದರೆ ಪದ ಗೊತ್ತಿಲ್ಲದಿದ್ದರೂ ಗುನುಗುತ್ತಾರೆ. ನಾನೂ ಮೊದಲ ವರ್ಷ ಗುನುಗಿದವನೇ. ಗುಂಪು ಅರ್ಜಿಯ ಮುಂದಾಳುತನ ನಿಮ್ಮದೇ ಆಗಿದ್ದರೆ ಗಡುವಿಗೆ ಮುಂಚೆಯೇ ಇನ್ನೊಬ್ಬರ ಹೆಸರನ್ನೂ ಬದಲಿ ಮುಂದಾಳಾಗಿ ಸೇರಿಸಲು ಟಿಕೆಟ್ ಕಚೇರಿಯವರನ್ನು ಕೇಳಿಕೊಳ್ಳಿ, ಒಪ್ಪಿದರೆ ಅದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಆಟದ ವಿನ್ಯಾಸವನ್ನು ಮೇಲಿನಿಂದ ನೋಡಬೇಕೆಂಬ ಆಸೆ ತೀರದಿದ್ದರೆ ಅಷ್ಟಾಗಿ ಜನ ಬರದ ಯಾವುದಾದರೂ ಕಪ್ ಪಂದ್ಯಕ್ಕೆ ನಡುಗೆರೆಯ ಬಿಡಿ ಟಿಕೆಟ್ ಕೊಂಡು ಒಮ್ಮೆ ನೋಡಿ ಬನ್ನಿ. ಸೀಸನ್ ಟಿಕೆಟ್ ಮಾತ್ರ ಈಗಿರುವ ಸಾಲಿನಲ್ಲಿಯೇ ಇರಲಿ.