ಎಲ್ಕ್ ಬೇಟೆಗೆ ಹೋಗಬೇಕು ಅಂದ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿ ಖುಷಿಯಾಯಿತು. ಕೊಲರಾಡೋದ ಡೆನ್ವರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಎಚ್-1ಬಿ ವೀಸಾ, ಊರು ವಿರಾಜಪೇಟೆ ಕಡೆ. ಬರುವ ಅಕ್ಟೋಬರಿನಲ್ಲಿ ರೈಫಲ್ ಹಿಡಿದು ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ) ಬೇಟೆಗೆ ಹೋಗಬೇಕು ಅಂತ ನಿನ್ನ ಆಸೆ. ಯಾವ ಕೋವಿ ತಗೊಳ್ಳಲಿ, ಯಾವ ಬೆಟ್ಟ ಒಳ್ಳೆಯದು, ಒಬ್ಬನೇ ಹೋದರೆ ಆಗುತ್ತಾ, ಮನೆಯಲ್ಲಿ ತೋಟಾ ಕೋವಿ ಹಿಡಿದ ಅಭ್ಯಾಸ ಸಾಕಾ ಅಂತ ಕೇಳಿದ್ದೀಯ.

ನಾನು ಇಲ್ಲಿಗೆ ಬಂದದ್ದು 1999ರ ಅಕ್ಟೋಬರಿನಲ್ಲಿ. ಬಂದ ಹೊಸತರಲ್ಲೇ ಒಂದು ಪೆಟ್ರೋಲ್ ಬಂಕಿನಲ್ಲಿ ಪಿಕಪ್ ಗಾಡಿ ನೋಡಿದೆ. ಹಿಂದೆ ಟಾರ್ಪಾಲಿನ ಮೇಲೆ ದೊಡ್ಡ ಕೊಂಬು. ಕಿತ್ತಳೆ ಬಣ್ಣದ ಅಂಗಿ ಹಾಕಿದ ಅಪ್ಪ, ಮಗಳು ಪಕ್ಕದಲ್ಲಿ ನಿಂತು ಕಾಫಿ ಕುಡಿಯುತ್ತಿದ್ದರು. ನನಗೆ ಬೇಟೆ ಅಂದರೆ ಅಜ್ಜನ ಬಾಯಲ್ಲಿ ಕೇಳಿದ ಕಥೆ ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಊರಲ್ಲಿ ಅದು ಮುಗಿದ ಮಾತು, ನಿನಗೂ ಗೊತ್ತು. ಇಲ್ಲಿ ಹಾಡಹಗಲಲ್ಲಿ, ಸರ್ಕಾರ ಕೊಟ್ಟ ಚೀಟಿ ಜೇಬಲ್ಲಿಟ್ಟುಕೊಂಡು, ಮಗಳನ್ನೂ ಕರೆದುಕೊಂಡು ಹೋಗಿ ಬಂದಿದ್ದರು. ಆ ದಿನವೇ ನನಗೂ ಆಸೆ ಹುಟ್ಟಿತು. ಹಾಗಾಗಿ ನಿನ್ನ ಆಸೆ ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ಕೋವಿ ಮುಟ್ಟುವ ಮೊದಲು ಇದನ್ನು ಓದು. ನಮ್ಮ ಕೊಡವರಿಗೆ ಕೋವಿ ಅಂದರೆ ಮನೆಯ ಒಂದು ಜೀವ ಇದ್ದ ಹಾಗೆ. ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಕೋವಿಗೆ ತೋಕ್ ಪೂ ಹೂವು ಸಿಕ್ಕಿಸಿ ಪೂಜೆ ಮಾಡಿದವರು ನಾವು. ಊರಲ್ಲಿ ಲೈಸೆನ್ಸಿನಿಂದ ವಿನಾಯಿತಿಯೂ ಇದೆ. ಆ ಹೆಮ್ಮೆ ಇರಲಿ, ಅದು ಇಲ್ಲಿ ನಡೆಯುವುದಿಲ್ಲ. ನಿನ್ನಂತೆ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ, ಗುಂಡು ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅಂದರೆ ಮೊದಲು ಲೈಸೆನ್ಸ್, ಆಮೇಲೆ ಕೋವಿ. ಗೆಳೆಯನ ಕೋವಿಯನ್ನು ಸುಮ್ನೆ ಗುರಿ ಅಭ್ಯಾಸದ ರೇಂಜಿನಲ್ಲಿ ಹಿಡಿದು ನೋಡುವುದೂ ಇದರಲ್ಲಿ ಸೇರುತ್ತದೆ. ಕೊಲರಾಡೋದ ವಾರ್ಷಿಕ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ, ಮುಗಿದ ಮೇಲೂ ಕೋವಿ ಮನೆಯಲ್ಲಿದ್ದರೆ ಮತ್ತೆ ತೊಂದರೆ. ಇನ್ನೊಂದು ಮಾತು. ಈ ರಾಜ್ಯದಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ, ಆದರೆ ಕೋವಿ ಕೊಳ್ಳುವಾಗ ತುಂಬುವ ಫಾರ್ಮಿನಲ್ಲಿ ಅದರ ಬಗ್ಗೆ ಪ್ರಶ್ನೆ ಇರುತ್ತದೆ, ಕೇಂದ್ರ ಕಾನೂನಿಗೆ ಅದು ಇಂದಿಗೂ ನಿಷಿದ್ಧ. ನೀನು ಆ ಕಡೆ ಹೋಗುವ ಹುಡುಗನಲ್ಲ ಅಂತ ನಂಬಿದ್ದೇನೆ. ಆದರೂ ಹೇಳಿಬಿಡುತ್ತೇನೆ. ಕೋವಿಯ ವಿಷಯದಲ್ಲಿ ಕೇಸಾಗಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇರುವವರನ್ನೂ ಗಡೀಪಾರು ಮಾಡಬಹುದು. ಇಮಿಗ್ರೇಷನ್ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡು. ದುಡ್ಡು ಹೋಗುತ್ತದೆ ಅಂತ ನೋಡಬೇಡ.

ಲೈಸೆನ್ಸ್ ಸಿಗಬೇಕಾದರೆ ಹಂಟರ್ ಎಜುಕೇಷನ್ ಅನ್ನುವ ಕೋರ್ಸ್ ಪಾಸಾಗಬೇಕು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಕಡ್ಡಾಯ. ಆನ್‌ಲೈನಿಗಿಂತ ಕ್ಲಾಸಿಗೇ ಹೋಗು, ಪಾಠ ಮಾಡುವವರಲ್ಲಿ ಬೆಟ್ಟ ಅರೆದು ಕುಡಿದವರಿರುತ್ತಾರೆ. ಕೊಲರಾಡೋದಲ್ಲಿ ಸತತ ಆರು ತಿಂಗಳು ವಾಸ ಇದ್ದರೆ ಸ್ಥಳೀಯರ ದರ, ಇಲ್ಲದಿದ್ದರೆ ಅದರ ಹತ್ತರಷ್ಟು ಹತ್ತಿರ ಕೊಡಬೇಕು. ಡ್ರಾ, ಅಂದರೆ ಚೀಟಿ ಎತ್ತಿ ಲೈಸೆನ್ಸ್ ಹಂಚುವುದಕ್ಕೆ ಹಾಕುವ ಅರ್ಜಿಗೆ ಏಪ್ರಿಲ್ ಮೊದಲ ವಾರವೇ ಕೊನೆ. ಉಳಿದದ್ದೆಲ್ಲ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಆ ವರ್ಷದ ಪುಸ್ತಕದಲ್ಲಿದೆ. ಅದನ್ನು ಪರೀಕ್ಷೆಗೆ ಓದಿದ ಹಾಗೆ ಓದು.

ಯಾವ ಕೋವಿ ಅನ್ನುವುದಕ್ಕೆ ನನ್ನ ಉತ್ತರ ಚಿಕ್ಕದು. .308 ಅಥವಾ .30-06 ಅಳತೆಯ ರೈಫಲ್, ಬೋಲ್ಟ್ ಆಕ್ಷನ್ (ಒಂದೊಂದು ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆಯುವಂಥದ್ದು), 165ರಿಂದ 180 ಗ್ರೇನ್ ತೂಕದ ಒಳ್ಳೆಯ ಗುಂಡು. ಅಂಗಡಿಯವರು ಇನ್ನೂ ಏನೇನೋ ತೋರಿಸುತ್ತಾರೆ, ಬೇಡ. ತೋಟಾ ಕೋವಿಯ ಅಭ್ಯಾಸ ಒಳ್ಳೆಯದೇ, ಕೈ ನಡುಗುವುದಿಲ್ಲ. ಆದರೆ ದಪ್ಪ ಚರೆಯ ಎಲ್‌ಜಿ ತೋಟಾದಲ್ಲಿ 40 ಗಜದ ಆಚೆಗೆ ನೀನು ಯೋಚನೆ ಮಾಡಿರುವುದಿಲ್ಲ. ಇಲ್ಲಿ 200 ಗಜ ಸಾಮಾನ್ಯ. ಮಲಗಿ, ಮೊಣಕಾಲೂರಿ, ಬ್ಯಾಗಿನ ಮೇಲೆ ಕೋವಿ ಇಟ್ಟು, ಏದುಸಿರು ಬಿಡುತ್ತಾ ಹೊಡೆದು ಕಲಿಯಬೇಕು. ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ತಲೆಗೆ ಅದೇ ಬಣ್ಣದ ಟೋಪಿ ಕಡ್ಡಾಯ. ಗಾಡಿಯೊಳಗೆ ಇಟ್ಟಾಗ ಕೋವಿಯ ಛೇಂಬರಿನಲ್ಲಿ (ನಳಿಗೆಯ ಹಿಂದೆ ಗುಂಡು ಕೂರುವ ಜಾಗ) ಗುಂಡು ಇರಬಾರದು. ಮೂಸ್ ಅನ್ನುವ ಪ್ರಾಣಿಯನ್ನೂ ಎಲ್ಕನ್ನೂ ಬೇರೆ ಮಾಡಿ ಗುರುತಿಸಲು ಕಲಿ, ಗೊಂದಲ ಮಾಡಿಕೊಂಡು ಹೊಡೆದವರಿದ್ದಾರೆ.

ಬೆಟ್ಟದ ಎತ್ತರ ನಮ್ಮವರು ಯಾರೂ ಊಹಿಸುವುದಿಲ್ಲ. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 6,330 ಅಡಿ. ಡೆನ್ವರ್ ಪೇಟೆಯೇ 5,280 ಅಡಿಯಲ್ಲಿದೆ. ಎಲ್ಕ್ ಇರುವುದು ಅಲ್ಲಿಂದ ಮೇಲೆ, 9ರಿಂದ 11 ಸಾವಿರ ಅಡಿಯಲ್ಲಿ. ಕೊಡಗಿನ ತಡಿಯಂಡಮೋಳ್ ಬೆಟ್ಟ ಓಡಿ ಹತ್ತಿದ್ದೇನೆ ಅನ್ನುವ ಧೈರ್ಯ ಅಲ್ಲಿ ನಡೆಯಲ್ಲ. ತಲೆನೋವು, ವಾಕರಿಕೆ ಬಂದರೆ ಹಟ ಮಾಡದೆ ಕೆಳಗಿಳಿ.

ಗಾಳಿಯನ್ನೂ ಗಮನಿಸು. ಬೆಳಗಿನ ಜಾವ ತಂಪು ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲು ಬಿದ್ದ ಮೇಲೆ ಮೇಲಕ್ಕೇರುತ್ತದೆ. ಎಲ್ಕಿಗೆ ನಿನ್ನ ವಾಸನೆ ಸಿಕ್ಕಿತು ಅಂದರೆ ಆ ಕಣಿವೆಯೇ ಖಾಲಿ. ಊರಿನ ಕಥೆಗಳಲ್ಲಿ ಕೂಗು, ನಾಯಿ, ಗದ್ದಲ ಎಲ್ಲ ಇತ್ತು. ಇಲ್ಲಿ ಗಂಟೆಗಟ್ಟಲೆ ಬೈನಾಕ್ಯುಲರ್ ಹಿಡಿದು ಕೂರುವುದೇ ಬೇಟೆ.

ಈಗ ನಾನು ನಿಜವಾಗಿ ಹೇಳಬೇಕಾದ್ದು. ನಾನು ಮೊದಲ ಸಲ ಹೋದದ್ದು ಕೊಲರಾಡೋದ ಫ್ಲಾಟ್ ಟಾಪ್ಸ್ ಬೆಟ್ಟಗಳ ಕಡೆಗೆ, ಪಕ್ಕದ ಮನೆಯ ಹಿರಿಯರ ಜೊತೆ. ಅವರು ಇಲ್ಲಿನ ರಾಂಚ್ (ದನ ಸಾಕುವ ದೊಡ್ಡ ಜಮೀನು) ಒಂದರಲ್ಲಿ ಹುಟ್ಟಿ ಬೆಳೆದವರು. ಫ್ಲಾಟ್ ಟಾಪ್ಸ್ 1975ರಿಂದ ವೈಲ್ಡರ್‌ನೆಸ್, ಅಂದರೆ ಕಾಡನ್ನು ಇದ್ದ ಹಾಗೇ ಬಿಡುವ ರಕ್ಷಿತ ಪ್ರದೇಶ. ಒಳಗೆ ಗಾಡಿ, ಸೈಕಲ್, ತಳ್ಳುಗಾಡಿ ಯಾವುದೂ ಇಲ್ಲ. ಹೊಡೆದದ್ದನ್ನು ಕುದುರೆ ಹೊರಬೇಕು, ಇಲ್ಲ ನೀನು ಹೊರಬೇಕು. ಅಲ್ಲಿನ ಟ್ರಾಪರ್ಸ್ ಲೇಕ್ ಅನ್ನುವ ಕೆರೆಯ ಸುತ್ತ 2002ರ ಬೆಂಕಿಯಲ್ಲಿ ಸುಟ್ಟ ಮರಗಳು ಅಡ್ಡಾದಿಡ್ಡಿ ಬಿದ್ದಿವೆ, ಒಂದರ ಮೇಲೊಂದು, ಸೊಂಟದೆತ್ತರ. ಬರಿಗೈಲಿ ದಾಟುವುದೇ ಕಷ್ಟ.

ಎರಡನೇ ದಿನ ಸಂಜೆ, ಬೆಟ್ಟದ ಅಂಚಿನಲ್ಲಿ ಮಲಗಿದ್ದೆವು. ಕೆಳಗೆ ಕಣಿವೆಯ ತಳದಲ್ಲಿ ಒಂದು ಗಂಡು ಎಲ್ಕ್, ಒಂದೊಂದು ಕೊಂಬಿಗೂ ಆರು ಕವಲು. ಅಡ್ಡಕ್ಕೆ ನಿಂತಿತ್ತು. ನನ್ನ ಸ್ಕೋಪಿನಲ್ಲಿ ಭುಜ ಸ್ಪಷ್ಟವಾಗಿ ಕಾಣುತ್ತಿತ್ತು, ಉಸಿರು ಹೊಗೆಯಾಗಿ ಮೂಗಿನಿಂದ ಹೊರಬರುತ್ತಿತ್ತು. ಸೇಫ್ಟಿ ತೆಗೆದಿದ್ದೆ. ಹಿರಿಯರು ನಿಧಾನವಾಗಿ ಕೈ ಚಾಚಿ ನನ್ನ ಸ್ಕೋಪಿನ ಮುಂದೆ ಅಂಗೈ ಹಿಡಿದರು. "ಮೇಲೆ ಹೇಗೆ ತರ್ತೀಯ?" ಅಂತ ಅಷ್ಟೇ ಕೇಳಿದರು. ಕತ್ತಲಾಗಲು ಅರ್ಧ ಗಂಟೆಯೂ ಇರಲಿಲ್ಲ. ನನಗೆ ಸಿಟ್ಟು ಬಂತು. ರಾತ್ರಿ ಊಟದಲ್ಲೂ ಅವರ ಜೊತೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಕ್ಯಾಂಪಿನ ಇಬ್ಬರು ಹುಡುಗರು ನಮ್ಮ ಡೇರೆಗೆ ಬಂದರು. ಅದೇ ಕಣಿವೆಯ ಇನ್ನೊಂದು ಬದಿಯಿಂದ ಅವರು ಆ ಸಂಜೆಯೇ ಒಂದು ಗಂಡು ಎಲ್ಕನ್ನು ಹೊಡೆದಿದ್ದರು. ಕತ್ತಲಲ್ಲಿ ಹೊಟ್ಟೆ ಬಗೆದು, ಚರ್ಮ ಹಾಗೇ ಬಿಟ್ಟು, ಬೆಳಿಗ್ಗೆ ನೋಡೋಣ ಅಂತ ಮೇಲೆ ಬಂದಿದ್ದರು. ರಾತ್ರಿ ಮಂಜುಗಡ್ಡೆ ಕಟ್ಟಿತ್ತು, ನಮ್ಮ ನೀರಿನ ಬಾಟ್ಲಿ ಗಟ್ಟಿಯಾಗಿತ್ತು. ಇಷ್ಟು ಚಳಿಯಲ್ಲಿ ಮಾಂಸಕ್ಕೆ ಏನಾಗುತ್ತದೆ ಅಂತ ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ.

ಇಳಿದು ನೋಡಿದರೆ ಮೇಲಿನ ಕೂದಲಿನ ಮೇಲೆ ಬಿಳಿ ಇಬ್ಬನಿ ಕಟ್ಟಿತ್ತು. ಹಿರಿಯರು ಚಾಕು ತೆಗೆದು ತೊಡೆಯನ್ನು ಸಂದಿನ ತನಕ ಸೀಳಿದರು. ಒಳಗಿನಿಂದ ಹಬೆ ಎದ್ದಿತು. ಅಷ್ಟು ಹೊತ್ತಾದರೂ ಎಲುಬಿನ ಸುತ್ತ ಬೆಚ್ಚಗೇ ಇತ್ತು. ಮಾಂಸದ ಬಣ್ಣ ಬೂದು, ಅಲ್ಲಲ್ಲಿ ಹಸಿರು. ವಾಸನೆ ಹೇಗಿತ್ತು ಅಂದರೆ ಹುಡುಗರಲ್ಲಿ ಒಬ್ಬ ಮುಖ ತಿರುಗಿಸಿಕೊಂಡು ಹೋಗಿ ಮರದ ದಿಮ್ಮಿಯ ಮೇಲೆ ಕೂತುಬಿಟ್ಟ. ದೊಡ್ಡ ಗಂಡು ಎಲ್ಕ್ 300 ಕಿಲೋ ತೂಗುತ್ತದೆ. ಅದರ ದಪ್ಪ ಚರ್ಮ, ಕುತ್ತಿಗೆಯ ಕೂದಲು, ತೊಡೆಯ ಗಾತ್ರ ಎಲ್ಲ ಸೇರಿ ಒಳಗಿನ ಬಿಸಿಯನ್ನು ಹಿಡಿದಿಡುತ್ತವೆ. ಹೊರಗಿನ ಚಳಿ ಆ ಸಂದಿಯ ತನಕ ಹೋಗುವುದೇ ಇಲ್ಲ. ಹಿಂದಿನ ಎರಡೂ ತೊಡೆ ಹಾಳು. ಮುಂದಿನ ಕಾಲು, ಬೆನ್ನಿನ ಪಟ್ಟಿ ಉಳಿಯಿತು. ಒಂದು ಮುಂಗಾಲು ನಾನು ಹೊತ್ತೆ, ಸುಮಾರು 20 ಕಿಲೋ. ಆ ಬಿದ್ದ ಮರಗಳ ನಡುವೆ ಮೇಲೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಇಡೀ ಪ್ರಾಣಿ ಆಗಿದ್ದರೆ ಎಲುಬು ಬಿಡಿಸಿದ ಮೇಲೂ 80-90 ಕಿಲೋ. ಒಬ್ಬನಾದರೆ ನಾಲ್ಕೈದು ಸಲ ಹತ್ತಿ ಇಳಿಯಬೇಕು.

ಅದಕ್ಕೇ ಹೇಳುತ್ತೇನೆ, ಸ್ಕೋಪಿನಲ್ಲಿ ನೋಡುವ ಮೊದಲು ದಾರಿ ನೋಡು. ಹೊಡೆದ ಕೂಡಲೇ ಚರ್ಮ ಬಿಡಿಸು. ನಾಲ್ಕೂ ಕಾಲು ಬೇರೆ ಮಾಡು, ತೊಡೆಯ ಎಲುಬಿನ ತನಕ ಸೀಳಿ ಬಿಸಿ ಹೊರಗೆ ಬಿಡು. ಹತ್ತಿಬಟ್ಟೆಯ ಚೀಲದಲ್ಲಿ ಹಾಕಿ ನೆರಳಲ್ಲಿ, ಗಾಳಿಯಲ್ಲಿ ನೇತುಹಾಕು. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಗಂಡೋ ಹೆಣ್ಣೋ ಅನ್ನುವ ಗುರುತು ಮಾಂಸದ ಜೊತೆ ಅಂಟಿಕೊಂಡೇ ಇರಬೇಕು, ಅದು ನಿಯಮ. ತಿನ್ನುವ ಮಾಂಸವನ್ನು ಕಾಡಲ್ಲಿ ಬಿಟ್ಟು ಬಂದರೆ ಶಿಕ್ಷೆ ಇದೆ. ಶಿಕ್ಷೆ ಇಲ್ಲದಿದ್ದರೂ ಅದು ನಮಗೆ ಸಲ್ಲುವ ಕೆಲಸವಲ್ಲ. ಪಾಲು ಹಾಕದ ಬೇಟೆ ಬೇಟೆಯೇ ಅಲ್ಲ ಅನ್ನುವ ಜನ ನಾವು, ನಾಯಿಗೂ ಪಾಲಿಟ್ಟವರು. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದರಿಂದಲೇ ಒಬ್ಬನೇ ಹೋಗಬಹುದಾ ಅನ್ನುವುದಕ್ಕೂ ಉತ್ತರ ಸಿಕ್ಕಿತು ಅಲ್ವಾ. ಮೊದಲ ವರ್ಷ ಬೇಡ. ಸಾಧ್ಯವಾದರೆ ಹೆಣ್ಣು ಎಲ್ಕಿನ ಚೀಟಿಗೆ ಅರ್ಜಿ ಹಾಕು. ಕವಲು ಎಣಿಸುವ ಗೋಜಿಲ್ಲ, ಹೊರೆಯೂ ಕಡಿಮೆ. ಗೋಡೆಗೆ ಕೊಂಬು ಬೇಕು ಅನ್ನುವುದಾದರೆ ಇನ್ನೂ ವರ್ಷಗಳಿವೆ. ರಸ್ತೆಯಿಂದ ಒಂದೆರಡು ಮೈಲಿ ಒಳಗೆ ಇರುವ ಜಾಗ ಸಾಕು. ವೈಲ್ಡರ್‌ನೆಸ್ ಒಳಗೇ ಹೋಗುವುದಾದರೆ ಕುದುರೆಯವರನ್ನು ಮೊದಲೇ ಗೊತ್ತು ಮಾಡು.

ಒಂದು ನೋವು ಹೇಳಿಕೊಳ್ಳುತ್ತೇನೆ. ಅಪ್ಪ ಇಲ್ಲಿಗೆ ಬಂದದ್ದೆಲ್ಲ ಬೇಸಿಗೆಯಲ್ಲಿ. ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನಲ್ಲಿ ಟ್ರೈಲ್ ರಿಡ್ಜ್ ರಸ್ತೆಯ ಪಕ್ಕ ಎಲ್ಕ್ ಹಿಂಡು ನೋಡಿ ಕಾರಿನಿಂದ ಇಳಿಯಲೇ ಒಪ್ಪದೆ ಕೂತಿದ್ದರು, ಕಣ್ಣು ಮಾತ್ರ ಕಿಟಕಿಗೆ. "ನಮ್ಮ ಕಡವೆ ಇದರ ಮುಂದೆ ಏನೂ ಅಲ್ಲ ಮಗ" ಅಂದರು. ಬೇಟೆಯ ಕಾಲಕ್ಕೆ ಕರೆದರೆ ಪ್ರತಿ ವರ್ಷ ಅದೇ ಉತ್ತರ. ಮಳೆ ಬಿಟ್ಟಿಲ್ಲ, ಕಾಫಿ ಹಣ್ಣಾಗುತ್ತಿದೆ, ಆಳು ಸಿಗುವುದಿಲ್ಲ, ಮುಂದಿನ ವರ್ಷ ನೋಡೋಣ. ಆ ಮುಂದಿನ ವರ್ಷ ಬರಲಿಲ್ಲ. ನಿನ್ನ ತಂದೆ ಗಟ್ಟಿಯಾಗಿದ್ದರೆ ಅಕ್ಟೋಬರಿಗೇ ಕರೆಸಿಕೋ, ತಮ್ಮಾ. ಅವರು ಕೋವಿ ಹಿಡಿಯಬೇಕಾಗಿಲ್ಲ, ಕ್ಯಾಂಪಿನಲ್ಲಿ ಬೆಂಕಿ ಕಾಯಿಸಿಕೊಂಡು ಕೂತರೆ ಸಾಕು.

ಮನೆಗೆ ತಂದ ಮೇಲೆ ಆತುರ ಬೇಡ. ಇಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ ಕಾಯಿಲೆ ಜಿಂಕೆ, ಎಲ್ಕುಗಳಲ್ಲಿದೆ. 1967ರಲ್ಲಿ ಇದೇ ಕೊಲರಾಡೋದಲ್ಲಿ ಮೊದಲು ಗುರುತಿಸಿದ್ದು. ತಲೆಯನ್ನು ಇಲಾಖೆಗೆ ಪರೀಕ್ಷೆಗೆ ಕೊಡು, ಫಲಿತಾಂಶ ಬರುವ ತನಕ ಮಾಂಸ ಫ್ರೀಜರಿನಲ್ಲಿರಲಿ. ಆಮೇಲೆ ಅಡುಗೆ. ಎಲ್ಕಿನಲ್ಲಿ ಕೊಬ್ಬೇ ಇಲ್ಲ, ಪಂದಿ ಕರಿಯ ಲೆಕ್ಕದಲ್ಲಿ ಬೇಯಿಸಿದರೆ ನಾರು ನಾರಾಗುತ್ತದೆ. ಬೆನ್ನಿನ ಪಟ್ಟಿಯನ್ನು ಕಾಳುಮೆಣಸು ಹಾಕಿ ಬಾಣಲೆಯಲ್ಲಿ ಬೇಗ ಹುರಿದು ತೆಗೆ. ತೊಡೆಗೆ ಸ್ವಲ್ಪ ಹಂದಿ ಕೊಬ್ಬು ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸು. ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ ರಸ) ಕೊನೆಯಲ್ಲಿ ಹಾಕು. ಇಲ್ಲಿ ಒಳ್ಳೆಯದು ಸಿಗಲ್ಲ, ಊರಿಂದ ಯಾರಾದರೂ ಬರುವವರಿದ್ದರೆ ಈಗಲೇ ಹೇಳಿ ಒಂದು ಬಾಟ್ಲಿ ತರಿಸಿಟ್ಟುಕೋ. ಕ್ಲಾಸ್ ಮುಗಿಸಿ ಲೈಸೆನ್ಸ್ ಬಂದ ದಿನ ನನಗೆ ಫೋನ್ ಮಾಡು, ರೇಂಜಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.